1950ರ ಹೊತ್ತಿಗೇ ಹಾರುವ ಕಾರು ಇತ್ತು ಅಂತಾರೆ, ನಿಜಾನಾ?

ನಿಜ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಲಾಂಗ್‌ವ್ಯೂ ಊರಿನಲ್ಲಿ ಮೌಲ್ಟನ್ ಟೇಲರ್ ಎಂಬ ಎಂಜಿನಿಯರ್ 'ಏರೋಕಾರ್' ಕಟ್ಟಿದರು. ಅದು 1949ರಲ್ಲಿ ಹಾರಿತು, 1956ರಲ್ಲಿ ಸರ್ಕಾರದ ಸರ್ಟಿಫಿಕೇಟೂ ಸಿಕ್ಕಿತು.

ಟೇಲರ್‌ಗೆ ಈ ಹುಚ್ಚು ಹತ್ತಿದ್ದು 1946ರಲ್ಲಿ, ರಾಬರ್ಟ್ ಫುಲ್ಟನ್ ಎಂಬುವವರನ್ನು ಭೇಟಿಯಾದ ಮೇಲೆ. ಫುಲ್ಟನ್ ಅವರ 'ಏರ್‌ಫೀಬಿಯನ್' ಕೂಡ ಹಾರುವ ಕಾರೇ. ಆದರೆ ರಸ್ತೆಗಿಳಿಯಬೇಕಾದರೆ ರೆಕ್ಕೆ ಬಿಚ್ಚಿ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕು. ಆಮೇಲೆ ಬೇರೆ ಊರಿಂದ ಹಾರಬೇಕು ಅಂದ್ರೆ? ಟೇಲರ್ ರೆಕ್ಕೆಗಳನ್ನು ಹಿಂದಕ್ಕೆ ಮಡಚಿ, ಬಾಲದ ಜೊತೆ ಟ್ರೇಲರ್ ಥರ ಎಳೆದೊಯ್ಯುವ ಹಾಗೆ ಮಾಡಿದರು. ಒಬ್ಬರೇ ಕೆಲವೇ ನಿಮಿಷಗಳಲ್ಲಿ ಇದನ್ನು ಮಾಡಬಹುದಿತ್ತು.

ನನಗೆ ಜಾಸ್ತಿ ಇಷ್ಟವಾಗುವುದು ಒಳಗಿನ ಜಾಣ್ಮೆ. ಚಕ್ರಕ್ಕೂ ಪ್ರೊಪೆಲ್ಲರ್‌ಗೂ ಒಂದೇ ಎಂಜಿನ್. ಹಿಂದಿನ ನಂಬರ್ ಪ್ಲೇಟ್ ಎತ್ತಿದರೆ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ (ಸರಳು) ಜೋಡಿಸುವ ಜಾಗ! ಪ್ರೊಪೆಲ್ಲರ್ ಬಾಲದ ತುದಿಯಲ್ಲಿದ್ದದ್ದರಿಂದ ಶಾಫ್ಟ್ ಬಹಳ ಉದ್ದ, ಹಾಗಾಗಿ ಅದು ತಿರುಗುವಾಗ ತಿರುಚಿಕೊಂಡು ನಡುಗುವ ಕಾಟ. ಉಕ್ಕಿನ ಸಣ್ಣ ಕಾಳು ತುಂಬಿದ ವಿಶೇಷ ಕಪ್ಲಿಂಗ್ (ಎಂಜಿನ್‌ಗೂ ಶಾಫ್ಟ್‌ಗೂ ನಡುವಿನ ಜೋಡಣೆ) ಹಾಕಿ ಅದನ್ನು ತಡೆದರು.

ಮತ್ತೆ ಯಾಕೆ ಮಾರಾಟವಾಗಲಿಲ್ಲ? ಒಂದು ಕಂಪನಿ, 500 ಆರ್ಡರ್ ತಂದರೆ ತಯಾರಿಸುತ್ತೇವೆ ಅಂದಿತ್ತು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಂತು, ಅಷ್ಟೇ. ಕೊನೆಗೆ ಕಟ್ಟಿದ್ದು ಆರೇ ಆರು. ಅದರಲ್ಲೊಂದು ಸಿಯಾಟಲ್‌ನ ಮ್ಯೂಸಿಯಂ ಆಫ್ ಫ್ಲೈಟ್‌ನಲ್ಲಿದೆ.