ಶುಗರ್ ಇಲ್ಲದವರಿಗೆ ಸಕ್ಕರೆ ಟೆಸ್ಟ್ ಯಾಕೆ?

ಪ್ರಶ್ನೆ: ನಮ್ಮಣ್ಣನಿಗೆ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇದೆ, ಡಯಾಬಿಟಿಸ್ ಇಲ್ಲ. ಈ ಸಲ ಡಾಕ್ಟರು ಎಎಫ್‌ಪಿ-ಎಲ್3 ಅಂತ ರಕ್ತದ ಟೆಸ್ಟ್ ಬರೆದಿದ್ದಾರೆ. ಪ್ರೊಟೀನಿಗೆ ಅಂಟಿದ ಸಕ್ಕರೆ ನೋಡುವ ಟೆಸ್ಟ್ ಅಂತೆ. ಗಾಬರಿಯಾಗಿ ಅಣ್ಣ ಸಿಹಿಯನ್ನೇ ಬಿಟ್ಟಿದ್ದಾನೆ. ಇದು ಡಯಾಬಿಟಿಸ್‌ಗೆ ಮಾಡಿಸುವ ಎಚ್‌ಬಿಎ1ಸಿ ಟೆಸ್ಟ್ ಥರದ್ದೇನಾ?

ಉತ್ತರ: ಅಲ್ಲ. ಈ ಟೆಸ್ಟಿಗೋಸ್ಕರ ನಿಮ್ಮಣ್ಣ ಸಿಹಿ ಬಿಡಬೇಕಾಗಿಲ್ಲ.

ಎಚ್‌ಬಿಎ1ಸಿ ಅಂದರೆ ಹಿಮೋಗ್ಲೋಬಿನ್‌ಗೆ ತಾನಾಗಿ ಅಂಟಿಕೊಂಡ ಗ್ಲೂಕೋಸ್. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದಷ್ಟೂ ಅಂಟುವುದು ಜಾಸ್ತಿ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಎರಡು ಮೂರು ತಿಂಗಳ ಲೆಕ್ಕ ಸಿಗುತ್ತದೆ.

ಎಎಫ್‌ಪಿ (ಆಲ್ಫಾ-ಫೀಟೋಪ್ರೊಟೀನ್) ಅನ್ನೋದು ಲಿವರ್ ಕೋಶಗಳು ರಕ್ತಕ್ಕೆ ಬಿಡುವ ಒಂದು ಪ್ರೊಟೀನ್. ಅದರ ವಿಷಯ ಬೇರೆ. ಜೀವಕೋಶವು ಪ್ರೊಟೀನ್ ತಯಾರಿಸಿ ರಕ್ತಕ್ಕೆ ಬಿಡುವ ಮುಂಚೆ, ಹಲವು ಬಗೆಯ ಸಕ್ಕರೆಗಳ ಒಂದು ಪುಟ್ಟ ಕವಲು ಸರಪಳಿಯನ್ನು ತಾನೇ ಅದಕ್ಕೆ ಜೋಡಿಸುತ್ತದೆ. ರಕ್ತದ ಮುಖ್ಯ ಪ್ರೊಟೀನುಗಳಲ್ಲಿ ಆಲ್ಬುಮಿನ್ ಬಿಟ್ಟು ಹೆಚ್ಚಿನವಕ್ಕೆ ಇಂಥ ಸರಪಳಿ ಇರುತ್ತದೆ. ಕೋಶಕ್ಕೆ ಕಾಯಿಲೆ ಬಂದರೆ ಈ ಜೋಡಣೆಯೇ ಬದಲಾಗಬಹುದು.

ಸಿರೋಸಿಸ್ ಇದ್ದವರಲ್ಲಿ ಎಎಫ್‌ಪಿ ಸ್ವಲ್ಪ ಏರುವುದುಂಟು. ಏರಿದ್ದು ಲಿವರಿನ ಹಳೇ ತೊಂದರೆಯಿಂದಲೋ ಕ್ಯಾನ್ಸರಿನಿಂದಲೋ ಅಂತ ಬರೀ ಪ್ರಮಾಣ ನೋಡಿ ಹೇಳೋದು ಕಷ್ಟ. ಲಿವರ್ ಕ್ಯಾನ್ಸರ್ ಕೋಶಗಳು ಎಷ್ಟೋ ಸಲ ಈ ಸರಪಳಿಯ ಬುಡಕ್ಕೆ ಫ್ಯೂಕೋಸ್ ಎಂಬ ಇನ್ನೊಂದು ಸಕ್ಕರೆ ಸೇರಿಸುತ್ತವೆ. ಅದನ್ನು ಗುರುತು ಹಿಡಿಯೋದು ಯಾವುದು ಗೊತ್ತಾ? ಮಸೂರ್ ಕಾಳಿನಲ್ಲಿರುವ ಒಂದು ಪ್ರೊಟೀನ್! ಫ್ಯೂಕೋಸ್ ಇರುವ ಎಎಫ್‌ಪಿ ಅದಕ್ಕೆ ಅಂಟುತ್ತದೆ, ಇಲ್ಲದ್ದು ಹಾಗೇ ಜಾರಿ ಹೋಗುತ್ತದೆ. ಅಂಟಿದ್ದು ಒಟ್ಟು ಎಎಫ್‌ಪಿಯಲ್ಲಿ ಶೇಕಡಾ ಎಷ್ಟು ಅನ್ನೋದೇ ನಿಮ್ಮ ರಿಪೋರ್ಟಿನ ಎಲ್3. ಸಾಮಾನ್ಯವಾಗಿ ಶೇ. 10 ದಾಟಿದರೆ ಅನುಮಾನ. ಅನುಮಾನ ಅಷ್ಟೇ, ಸ್ಕ್ಯಾನ್ ಮಾಡದೆ ಕ್ಯಾನ್ಸರ್ ಅನ್ನುವ ಹಾಗಿಲ್ಲ. ತೀವ್ರವಾದ ಹೆಪಟೈಟಿಸ್‌ನಲ್ಲೂ ಅದು ಏರಬಹುದು.

ಲ್ಯಾಬಿನವಳಾಗಿ ನನಗೆ ಇದಕ್ಕಿಂತ ಮಜಾ ಅನಿಸೋದು ಟ್ರಾನ್ಸ್‌ಫೆರಿನ್. ಕಬ್ಬಿಣ ಸಾಗಿಸುವ ಪ್ರೊಟೀನ್ ಅದು. ವಾರಗಟ್ಟಲೆ ವಿಪರೀತ ಕುಡಿದವರಲ್ಲಿ ಅದರ ಸರಪಳಿಯ ತುದಿಯ ಸಕ್ಕರೆಗಳು ಕಮ್ಮಿಯಾಗುತ್ತವೆ. ‘ನಾನು ಮುಟ್ಟೋದೇ ಇಲ್ಲ’ ಅಂತ ಬಾಯಿ ಹೇಳಿದರೂ ರಕ್ತ ಒಪ್ಪಬೇಕಲ್ಲ!

ಇನ್ನೊಂದು ಮಾತು. ಎಲ್3 ನಾರ್ಮಲ್ ಬಂತು ಅಂತ ಆರು ತಿಂಗಳಿಗೊಮ್ಮೆ ಮಾಡಿಸುವ ಅಲ್ಟ್ರಾಸೌಂಡ್ ಬಿಡಬೇಡಿ. ಗಡ್ಡೆ ಚಿಕ್ಕದಿದ್ದಾಗ ಎಲ್3 ಏರದೇ ಇರಬಹುದು. ಡಾಕ್ಟರ ಹತ್ತಿರ ಹೋಗುವಾಗ ಹಳೇ ಎಎಫ್‌ಪಿ ರಿಪೋರ್ಟುಗಳನ್ನೂ ತೆಗೆದುಕೊಂಡು ಹೋಗಿ. ಏರುತ್ತಾ ಬಂದಿದೆಯೋ ಅಷ್ಟರಲ್ಲೇ ಇದೆಯೋ ಅನ್ನೋದು ಅವರಿಗೆ ಬೇಕಾಗುತ್ತದೆ.