ನೋವು ಬಲಮಂಡಿಯದು, ಭಾರ ಎಡಗಾಲಿಗೆ

ಪ್ರಶ್ನೆ: ನಮ್ಮ ತಾಯಿಗೆ 64 ವರ್ಷ, ತೂಕ 68 ಕೆ.ಜಿ. ನಾಲ್ಕು ವರ್ಷಗಳಿಂದ ಬಲಮಂಡಿ ನೋವಿದೆ. ಸವೆತವಾಗಿದೆ ಎಂದು ವೈದ್ಯರು ಹೇಳಿದ್ದಾರೆ. ಈಚೆಗೆ ನಡೆಯುವಾಗ ಬಲಕ್ಕೆ ವಾಲುತ್ತಾರೆ, ಕೋಲನ್ನೂ ಬಲಗೈಯಲ್ಲೇ ಹಿಡಿಯುತ್ತಾರೆ. ಎರಡು ತಿಂಗಳಿಂದ ಎಡಮಂಡಿಯೂ ನೋಯುತ್ತಿದೆ. ನಡೆದಷ್ಟೂ ಮಂಡಿ ಸವೆಯುತ್ತದೆ, ನಡೆಯುವುದನ್ನೇ ಬಿಟ್ಟುಬಿಡಿ ಎಂದು ನೆಂಟರು ಹೇಳುತ್ತಿದ್ದಾರೆ. ಏನು ಮಾಡುವುದು?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ತಾಯಿಯವರು ನಡೆಯುವುದನ್ನು ಬಿಡಬಾರದು. ಆದರೆ ಕೋಲನ್ನು ಇಂದೇ ಎಡಗೈಗೆ ಬದಲಾಯಿಸಬೇಕು. ಇದು ಏಕೆಂದು ತಿಳಿಯಬೇಕಾದರೆ ಮಂಡಿಯ ಮೇಲೆ ಭಾರ ಬೀಳುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ನಡೆಯುವಾಗ ಮಂಡಿ ಹೊರುವುದು ದೇಹದ ತೂಕವನ್ನು ಮಾತ್ರವಲ್ಲ. ಕಾಲು ಕುಸಿಯದಂತೆ ತೊಡೆ ಮತ್ತು ಮೀನಖಂಡದ ಸ್ನಾಯುಗಳು ಬಿಗಿದಾಗ ಅವುಗಳ ಎಳೆತವೂ ಕೀಲನ್ನು ಅದುಮುತ್ತದೆ. ಬರ್ಲಿನ್‌ನ ಸಂಶೋಧಕರು ಕೃತಕ ಮಂಡಿಯೊಳಗೇ ಅಳತೆಯ ಸಾಧನವನ್ನಿರಿಸಿ ನೋಡಿದಾಗ, ಸಮನೆಲದ ನಡಿಗೆಯಲ್ಲಿ ದೇಹತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು ಒತ್ತಡ ಕಂಡುಬಂತು. ನಿಮ್ಮ ತಾಯಿಯವರ ತೂಕಕ್ಕೆ ಲೆಕ್ಕ ಹಾಕಿದರೆ ಹೆಜ್ಜೆಯೊಂದಕ್ಕೆ 170 ಕೆ.ಜಿ.ಯ ಆಸುಪಾಸು. ಆರೋಗ್ಯವಾಗಿರುವ ಕಾಲಿನಲ್ಲೂ ಇದರ ಹೆಚ್ಚಿನ ಪಾಲು ಮಂಡಿಯ ಒಳಬದಿಗೇ ಬೀಳುತ್ತದೆ, ಏಕೆಂದರೆ ಒಂಟಿಗಾಲಿನ ಮೇಲೆ ನಿಂತ ಕ್ಷಣದಲ್ಲಿ ದೇಹದ ಭಾರ ಆ ಮಂಡಿಯ ನೇರಕ್ಕಿರದೆ ಒಳಗಡೆಗೆ ಇರುತ್ತದೆ. ಸವೆತವೂ ಬಹುಮಟ್ಟಿಗೆ ಅಲ್ಲಿಯೇ ಕಾಣಿಸಿಕೊಳ್ಳುತ್ತದೆ. ಒಳಬದಿಯ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ನುಣುಪಾದ ಪದರ, ತೆಳುವಾದಂತೆ ಕಾಲು ಬಿಲ್ಲಿನಂತೆ ಬಾಗುತ್ತದೆ, ಬಾಗಿದಷ್ಟೂ ಅದೇ ಜಾಗಕ್ಕೆ ಭಾರ ಇನ್ನಷ್ಟು ಹೆಚ್ಚುತ್ತದೆ.

ನಿಮ್ಮ ತಾಯಿಯವರು ಬಲಕ್ಕೆ ವಾಲುವುದು ಈ ಭಾರವನ್ನು ತಪ್ಪಿಸಲು ದೇಹ ತಾನಾಗಿಯೇ ಕಂಡುಕೊಂಡ ಉಪಾಯ. ಮೈಯನ್ನು ಬಲಕ್ಕೆ ಓಲಿಸಿದಾಗ ತೂಕ ಮಂಡಿಯ ನೇರಕ್ಕೆ ಬಂದು ಒಳಬದಿಯ ಒತ್ತಡ ಇಳಿಯುತ್ತದೆ. ಹೆಜ್ಜೆ ಚಿಕ್ಕದಾಗುವುದು, ಮಂಡಿಯನ್ನು ಮಡಚದೆ ಬಿಗಿಹಿಡಿದು ನಡೆಯುವುದು, ನಡಿಗೆ ನಿಧಾನವಾಗುವುದು ಇವೆಲ್ಲವೂ ಇದೇ ಬಗೆಯ ಹೊಂದಾಣಿಕೆಗಳು. ಇದರ ಬೆಲೆಯನ್ನು ಸೊಂಟ ಮತ್ತು ಎಡಗಾಲು ತೆರಬೇಕಾಗುತ್ತದೆ. ಅವರು ಕುರ್ಚಿಯಿಂದ ಏಳುವುದನ್ನು ಎದುರಿಗೆ ಕುಳಿತು ಒಮ್ಮೆ ಗಮನಿಸಿ. ಎಡಪಾದವನ್ನು ಕುರ್ಚಿಯಡಿಗೆ ಎಳೆದುಕೊಂಡು, ಬಲಗಾಲನ್ನು ಮುಂದಕ್ಕೆ ಚಾಚಿ, ತೊಡೆಗೆ ಕೈಯೂರಿ ಏಳುತ್ತಿದ್ದರೆ ಮೇಲೇಳುವ ಶ್ರಮದ ಬಹುಪಾಲನ್ನು ಎಡಗಾಲೇ ಹೊರುತ್ತಿದೆ ಎಂದರ್ಥ. ನಡೆಯುವಾಗಲೂ ಬಲಪಾದವನ್ನು ಬೇಗ ಎತ್ತಿಬಿಡುವುದರಿಂದ ಎಡಗಾಲು ಹೆಚ್ಚು ಹೊತ್ತು ನೆಲದ ಮೇಲಿರುತ್ತದೆ. ಕಣ್ಣು ಮುಚ್ಚಿ ಹೆಜ್ಜೆಯ ಸದ್ದನ್ನು ಕೇಳಿದರೂ ಈ ಅಸಮತೆ ತಿಳಿಯುತ್ತದೆ. ಈ ಕಾಯಿಲೆ ಎರಡೂ ಮಂಡಿಗಳಿಗೆ ಬರುವುದು ಸಾಮಾನ್ಯವಾದ್ದರಿಂದ ಎಡಮಂಡಿಯ ನೋವಿಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ಇದನ್ನು ಕಡೆಗಣಿಸಲೂಬಾರದು.

ಇನ್ನು ಕೋಲಿನ ವಿಷಯ. ನೋಯುವ ಕಡೆಗೇ ಆಸರೆ ಬೇಕೆನ್ನಿಸುವುದು ಸಹಜ, ಹಾಗಾಗಿ ಬಹಳ ಮಂದಿ ಈ ತಪ್ಪು ಮಾಡುತ್ತಾರೆ. ಕೋಲು ಎಡಗೈಯಲ್ಲಿದ್ದು ಬಲಗಾಲಿನ ಜೊತೆಗೇ ಮುಂದೆ ಹೋದರೆ, ಬಲಗಾಲು ನೆಲವೂರುವ ಹೊತ್ತಿಗೆ ಎಡಬದಿಯ ತೂಕವನ್ನು ಕೈ ಹೊರುತ್ತದೆ, ಬಲಮಂಡಿಯ ಒಳಬದಿಗೆ ನಿಜವಾದ ಬಿಡುವು ಸಿಗುತ್ತದೆ, ಮೈ ಓಲಾಡುವುದೂ ಕಡಿಮೆಯಾಗುತ್ತದೆ. ಚಪ್ಪಲಿ ಮೆಟ್ಟಿ ನೇರವಾಗಿ ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ತುದಿಗೆ ರಬ್ಬರ್ ಇರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಹೆಚ್ಚು ನೋಯುವ ಕಾಲು ಮೊದಲು.

ನಡೆದರೆ ಸವೆಯುತ್ತದೆ ಎಂಬ ಮಾತಿನಿಂದ ಎಷ್ಟೋ ಹಿರಿಯರು ಮಂಚ ಹಿಡಿದಿರುವುದನ್ನು ಕಂಡಿರುವ ನನಗೆ ನಿಮ್ಮ ನೆಂಟರ ಸಲಹೆ ಕಳವಳ ತರುತ್ತದೆ. ಮೃದ್ವಸ್ಥಿಯೊಳಗೆ ರಕ್ತನಾಳಗಳಿಲ್ಲ; ಕೀಲು ಅದುಮಿ ಸಡಿಲಗೊಳ್ಳುವಾಗ ಓಡಾಡುವ ದ್ರವವೇ ಅದಕ್ಕೆ ಪೋಷಣೆ. ನಡಿಗೆ ನಿಂತರೆ ತೊಡೆಯ ಮುಂಭಾಗದ ಸ್ನಾಯುವೂ ಸೊರಗುತ್ತದೆ, ಆಗ ಹೆಜ್ಜೆಯ ಹೊಡೆತವನ್ನು ತಾಳಿಕೊಳ್ಳುವ ಶಕ್ತಿ ಕಾಲಿಗೆ ಇರುವುದಿಲ್ಲ. ಒಂದೇ ಸಲ ಅರ್ಧ ಗಂಟೆ ನಡೆಯುವ ಬದಲು ಹತ್ತು ಹತ್ತು ನಿಮಿಷ ಮೂರು ಸಲ ನಡೆಯಲಿ. ಮರುದಿನ ನೋವು ಅಥವಾ ಊತ ಹೆಚ್ಚಿದ್ದರೆ ಅಷ್ಟರಮಟ್ಟಿಗೆ ಕಡಿಮೆ ಮಾಡಲಿ. ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ಚಾಚಿ, ಐದು ಸೆಕೆಂಡು ಬಿಗಿಹಿಡಿದು ಇಳಿಸುವ ವ್ಯಾಯಾಮವನ್ನು ಎರಡೂ ಕಾಲಿಗೆ ಹತ್ತು ಹತ್ತು ಸಲ ಮಾಡಿಸಿ. ಅವರ ಎತ್ತರಕ್ಕೆ ತೂಕ ಹೆಚ್ಚಾಗಿದ್ದರೆ ಇಳಿಸುವುದರಿಂದ ದೊರಕುವ ಲಾಭ ದೊಡ್ಡದು: ಮಂಡಿ ಸವೆತವಿದ್ದ, ತೂಕ ಹೆಚ್ಚಿದ್ದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಕೆ.ಜಿ. ಇಳಿದರೆ ಹೆಜ್ಜೆಯೊಂದಕ್ಕೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ.

ಕುಕ್ಕರಗಾಲಿನಲ್ಲಿ ಕುಳಿತು ರಂಗೋಲಿ ಹಾಕುವುದು, ಸೊಪ್ಪು ಬಿಡಿಸುವುದು ಸದ್ಯಕ್ಕೆ ಬೇಡ. ಆ ಕೆಲಸಗಳಿಗೆ ಎತ್ತರದ ಮಣೆಯೋ ಸ್ಟೂಲೋ ಇರಲಿ.

ಎಡಮಂಡಿಯನ್ನು ಮೂಳೆ ವೈದ್ಯರಿಗೆ ತೋರಿಸಿ. ಎಕ್ಸ್‌ರೇ ತೆಗೆಸುವುದಾದರೆ ಎರಡೂ ಮಂಡಿಗಳದ್ದನ್ನು ನಿಂತ ಭಂಗಿಯಲ್ಲೇ ತೆಗೆಯಲು ಕೇಳಿಕೊಳ್ಳಿ, ಏಕೆಂದರೆ ಮಲಗಿದಾಗ ಭಾರವಿಲ್ಲದ ಕೀಲಿನಲ್ಲಿ ಸವೆತ ಇರುವುದಕ್ಕಿಂತ ಕಡಿಮೆಯಾಗಿ ಕಾಣಬಹುದು. ಮಂಡಿ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ, ಜೊತೆಗೆ ಜ್ವರವಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ಅಥವಾ ಕಾಲೂರಲೇ ಆಗದಿದ್ದರೆ ಅದೇ ದಿನ ಕರೆದೊಯ್ಯಿರಿ.