ತಾರಸಿ ತೋಟ: ಬೇರಿಗೂ ಉಸಿರಾಡಲು ಜಾಗ ಬಿಡಿ

ಪ್ರಶ್ನೆ: ನಾವಿರುವುದು ಬಾಡಿಗೆ ಮನೆ, ಎರಡನೇ ಮಹಡಿ. ಮಣ್ಣಿನ ಕುಂಡ ಇಟ್ಟರೆ ಸೋರುತ್ತದೆ ಅಂತ ಓನರ್ ಬೇಡ ಅಂದಿದ್ದಾರೆ. ನಾಲ್ಕಡಿಯ ಬಾಲ್ಕನಿ ಇದೆ, ಬೆಳಿಗ್ಗೆ ಬಿಸಿಲು ಬರುತ್ತದೆ. ನೀರಿನಲ್ಲೇ ಸೊಪ್ಪು ಬೆಳೆಯಬಹುದಂತೆ ಅಂತ ಕೇಳಿ, ಮೊಳಕೆ ಬಂದ ಕೊತ್ತಂಬರಿಯನ್ನು ಗಾಜಿನ ಡಬ್ಬಿಯ ನೀರಿಗೆ ಹಾಕಿ, ಗೊಬ್ಬರಕ್ಕೆ ಅಂತ ಸಗಣಿ ನೀರು ಬೆರೆಸಿದೆ. ಹತ್ತೇ ದಿನಕ್ಕೆ ವಾಸನೆ ಬಂದು ಎಲ್ಲ ಕೊಳೆಯಿತು. ಎಲ್ಲಿ ತಪ್ಪಿದೆ? ಪಂಪು, ಪೈಪು ಬೇಕೇಬೇಕಾ? ಈ ಸೊಪ್ಪು ತಿನ್ನಬಹುದಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಪಂಪು ಬೇಡ, ಪೈಪೂ ಬೇಡ. ಒಂದು ಬಕೆಟ್ ಸಾಕು. ಮೊದಲು ನಿಮ್ಮ ಕೊತ್ತಂಬರಿಗೆ ಏನಾಯಿತು ಅಂತ ನೋಡೋಣ.

ಬೇರು ನಮ್ಮ ಹಾಗೇ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ, ಅಲ್ಲಿ ಅದಕ್ಕೆ ತೊಂದರೆ ಇಲ್ಲ. ನಿಂತ ನೀರಿನಲ್ಲಿ ಪೂರ್ತಿ ಮುಳುಗಿಸಿದರೆ ಉಸಿರು ಕಟ್ಟುತ್ತದೆ. ಅದರ ಮೇಲೆ ನೀವು ಸಗಣಿ ನೀರು ಹಾಕಿದಿರಿ. ಸಗಣಿಯನ್ನು ಗಿಡ ನೇರವಾಗಿ ತಿನ್ನುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಲವಣ ಮಾಡಿ ಕೊಡಬೇಕು. ಡಬ್ಬಿಯ ನೀರಿನಲ್ಲಿ ಅದೇ ಜೀವಿಗಳು ಇದ್ದಬದ್ದ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ವಾಸನೆ ಬಂದಿದ್ದು ಅದಕ್ಕೇ.

ಹಾಗಾದರೆ ಮಣ್ಣು ಗಿಡಕ್ಕೆ ಏನು ಮಾಡುತ್ತದೆ? ನಿಲ್ಲಲು ಆಸರೆ ಕೊಡುತ್ತದೆ. ನೀರಿನ ಜೊತೆ ಲವಣ ಕೊಡುತ್ತದೆ. ಬೇರಿಗೆ ಗಾಳಿ ಬಿಡುತ್ತದೆ. ಗಿಡಕ್ಕೆ ಬೇಕಾದ ಮೂಲವಸ್ತುಗಳು 17 ಅಂತ ಎಣಿಸುತ್ತಾರೆ. ಇಂಗಾಲ, ಜಲಜನಕ, ಆಮ್ಲಜನಕ ಗಾಳಿ ಮತ್ತು ನೀರಿನಿಂದಲೇ ಸಿಗುತ್ತವೆ. ಉಳಿದ 14ನ್ನು ನೀರಿಗೆ ಕರಗಿಸಿ ಕೊಟ್ಟರೆ ಮಣ್ಣು ಬೇಕಾಗುವುದಿಲ್ಲ. ಜರ್ಮನಿಯ ವಿಜ್ಞಾನಿಗಳು ಇದನ್ನು 1860ರ ಸುಮಾರಿಗೇ ಪ್ರಯೋಗ ಮಾಡಿ ತೋರಿಸಿದ್ದರು. ಮಣ್ಣಿಲ್ಲದ ಈ ಬೇಸಾಯಕ್ಕೆ ಹೈಡ್ರೋಪೋನಿಕ್ಸ್ ಅನ್ನುವ ಹೆಸರು ಬಂದಿದ್ದು 1937ರಲ್ಲಿ, ಕ್ಯಾಲಿಫೋರ್ನಿಯಾದ ವಿಜ್ಞಾನಿ ಗೆರಿಕೆ ಅವರಿಂದ. ನಮ್ಮ ದೇಶದಲ್ಲಿ 1946ರ ಹೊತ್ತಿಗೆ ಶೋಲ್ಟೋ ಡಗ್ಲಸ್ ಅನ್ನುವವರು ಬಂಗಾಳದ ಕಾಲಿಂಪಾಂಗ್‌ನಲ್ಲಿ ಇದನ್ನು ಮಾಡಿದರು. ಸಾಮಾನ್ಯ ಜನರ ಕೈಗೆಟುಕುವಂತೆ ಜಲ್ಲಿ, ಮರಳಿನಲ್ಲೇ ಬೆಳೆಯುವ ದಾರಿ ಹುಡುಕಿದರು. ದುಬಾರಿ ಯಂತ್ರ ಇಲ್ಲದೆಯೂ ಆಗುತ್ತದೆ ಅಂತ ನಮ್ಮವರಿಗೆ ಆಗಲೇ ಗೊತ್ತಿತ್ತು, ಅಲ್ವಾ?

ನಿಮಗೆ ನಾನು ಹೇಳುವುದು ಕ್ರಾಟ್ಕಿ ವಿಧಾನ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಅವರು ರೂಪಿಸಿದ್ದು. ಕರೆಂಟ್ ಹೋದರೂ ಚಿಂತೆ ಇಲ್ಲ. ಮುಚ್ಚಳ ಇರುವ ಹತ್ತು ಲೀಟರ್ ಬಕೆಟ್ ತೆಗೆದುಕೊಳ್ಳಿ. ಬೆಳಕು ಒಳಗೆ ಹೋಗಬಾರದು, ಹೋದರೆ ಪಾಚಿ ಕಟ್ಟುತ್ತದೆ. ನಿಮ್ಮ ಗಾಜಿನ ಡಬ್ಬಿ ಅದಕ್ಕೂ ಆಗುವುದಿಲ್ಲ. ಮುಚ್ಚಳದಲ್ಲಿ ಎರಡಿಂಚಿನ ಮೂರು ತೂತು ಮಾಡಿ, ನೆಟ್ ಪಾಟ್ (ಜಾಲರಿಯಂಥ ಪುಟ್ಟ ಕುಂಡ) ಇಳಿಬಿಡಿ. ಅದರೊಳಗೆ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅದರಲ್ಲಿ ಪಾಲಕ್ ಸಸಿ. ಪಾಟ್‌ನ ತಳ ಅರ್ಧ ಇಂಚು ಮಾತ್ರ ಪೋಷಕಾಂಶ ಬೆರೆಸಿದ ನೀರಿಗೆ ತಾಗಲಿ (ಬೆರೆಸುವುದು ಹೇಗೆ ಅಂತ ಮುಂದೆ ಹೇಳುತ್ತೇನೆ).

ಇಲ್ಲಿಂದ ಮುಂದೆ ನೀವು ಒಂದು ಆಸೆ ಬಿಡಬೇಕು. ದಿನದಿನಕ್ಕೆ ನೀರು ಇಳಿಯುತ್ತದೆ, ತುಂಬಿಸೋಣ ಅನಿಸುತ್ತದೆ. ತುಂಬಿಸಬೇಡಿ! ಇಪ್ಪತ್ತನೇ ದಿನ ಮುಚ್ಚಳವನ್ನು ಮೆಲ್ಲಗೆ ಎತ್ತಿ ನೋಡಿ. ಮೇಲಿನ ಬೇರು ನೀರಿನ ಹೊರಗೆ ತೇವದ ಗಾಳಿಯಲ್ಲಿ ತೂಗುತ್ತಿರುತ್ತದೆ. ಬೆಳ್ಳಗೆ, ಹತ್ತಿಯ ಎಳೆ ಹಿಂಜಿದ ಹಾಗೆ ನಯವಾದ ಕೂದಲು ಅದರ ತುಂಬ. ಕೆಳಗಿನದು ಉದ್ದಕ್ಕೆ, ನೂಲಿನ ಹಾಗೆ ನೀರಿಗಿಳಿದಿರುತ್ತದೆ. ಮೇಲಿನದು ಗಾಳಿಗೆ, ಕೆಳಗಿನದು ನೀರಿಗೆ. ಈಗ ನೀವು ನೀರು ತುಂಬಿಸಿದರೆ ಗಾಳಿಗೆ ಒಗ್ಗಿದ ಬೇರು ಮುಳುಗಿ ಸಾಯುತ್ತದೆ. ತೀರಾ ತಳ ಕಂಡರೆ ಮಾತ್ರ ಅರ್ಧದವರೆಗೆ ಪೋಷಕ ನೀರು ಹಾಕಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಬೇರಿನ ಚಿತ್ರ ಬರೆದು ಪಾಠ ಹೇಳಿದವಳು ನಾನು. ಬೇರು ಹೀಗೆ ಎರಡು ಥರ ಬೆಳೆಯುವುದನ್ನು ಕಣ್ಣಾರೆ ಕಂಡಿದ್ದು ಮೈಸೂರಿನ ನಮ್ಮ ಮನೆಯ ಬಕೆಟ್‌ನಲ್ಲೇ.

ಪೋಷಕಾಂಶ ಎ ಮತ್ತು ಬಿ ಅಂತ ಎರಡು ಬಾಟಲಿಯಲ್ಲಿ ಬರುತ್ತದೆ. ಎರಡನ್ನೂ ನೇರವಾಗಿ ಬೆರೆಸಬೇಡಿ. ನಾನು ಒಮ್ಮೆ ಅವಸರಕ್ಕೆ ಒಂದೇ ಲೋಟಕ್ಕೆ ಸುರಿದೆ. ಕಣ್ಣೆದುರೇ ಮಜ್ಜಿಗೆಯಂತೆ ಬೆಳ್ಳಗಾಗಿ ತಳದಲ್ಲಿ ಗಸಿ ಕೂತಿತು. ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಸಲ್ಫೇಟು, ಫಾಸ್ಫೇಟು. ಗಟ್ಟಿ ದ್ರಾವಣದಲ್ಲಿ ಸೇರಿದರೆ ಸುಣ್ಣದಂಥ ಪುಡಿಯಾಗಿ ಹೋಗುತ್ತವೆ, ಗಿಡಕ್ಕೆ ಸಿಗುವುದಿಲ್ಲ. ಬಕೆಟ್ ನೀರಿಗೆ ಮೊದಲು ಎ ಹಾಕಿ ಕಲಕಿ, ಆಮೇಲೆ ಬಿ. ಎಷ್ಟು ಅನ್ನುವುದು ಬಾಟಲಿಯ ಮೇಲೆ ಇರುತ್ತದೆ. ಅಂಗಡಿಯವರು ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಕೊಡುತ್ತಾರೆ, ಅದೊಂದೇ ಸಾಲದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೋಕೋಪೀಟ್‌ನಲ್ಲಿ ತರಕಾರಿ ಬೆಳೆಯಲು ಅಂತಲೇ ಅರ್ಕಾ ಸಸ್ಯ ಪೋಷಕ ರಸ ಅನ್ನುವ ದ್ರಾವಣ ರೂಪಿಸಿದ್ದಾರೆ. ಕೋಕೋಪೀಟ್ ಬ್ಯಾಗ್‌ನಲ್ಲಿ ಟೊಮೆಟೊ, ಮೆಣಸಿನಕಾಯಿ ಬೆಳೆಯುವ ದಿನ ಬಂದಾಗ ಅದನ್ನು ವಿಚಾರಿಸಿ.

ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5.5ರಿಂದ 6.5ರ ನಡುವೆ ಇರಲಿ. ಹನಿ ಹಾಕಿ ಬಣ್ಣ ನೋಡುವ ಕಿಟ್ ಸಿಗುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಪಿಎಚ್ ಮೇಲೇ ಇರುತ್ತದೆ, ಆಗ ಮಳೆನೀರು ಬೆರೆಸಿ. ಫಿಲ್ಟರಿನಿಂದ ಹೊರಗೆ ಹೋಗುವ ಆರ್‌ಓ ವೇಸ್ಟ್ ನೀರು ಮಾತ್ರ ಬೇಡ, ಅದರಲ್ಲಿ ಉಪ್ಪಿನಂಶ ಜಾಸ್ತಿ.

ನಿಮ್ಮ ಊರಿಗೆ ದೊಡ್ಡ ಶತ್ರು ಬೇಸಿಗೆ. ನನ್ನ ಮೊದಲ ಬಕೆಟ್ ಏಪ್ರಿಲ್‌ನಲ್ಲಿ ಪಶ್ಚಿಮದ ಬಿಸಿಲಿಗೆ ಸಿಕ್ಕಿತು. ಸಂಜೆ ಕೈ ಅದ್ದಿದರೆ ಸ್ನಾನದ ನೀರಿನ ಹಾಗೆ ಬೆಚ್ಚಗಿತ್ತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ವಾರದೊಳಗೆ ಬೇರು ಕಂದಾಗಿ, ಮುಟ್ಟಿದರೆ ಲೋಳೆ. ಇದ್ದ ಸಸಿಯೆಲ್ಲ ಹೋದವು. ಬಕೆಟ್‌ಗೆ ಬಿಳಿ ಬಟ್ಟೆ ಸುತ್ತಿ, ಮಧ್ಯಾಹ್ನ ನೆರಳು ಬೀಳುವ ಕಡೆ ಇಡಿ. ಶುರು ಮಾಡಲು ಅಕ್ಟೋಬರ್, ನವೆಂಬರ್ ಒಳ್ಳೆಯದು.

ತಿನ್ನಬಹುದಾ ಅಂದಿರಿ. ಧಾರಾಳವಾಗಿ ತಿನ್ನಿ. ಗೊಬ್ಬರದ ಮಣ್ಣಿನಿಂದ ಬಂದರೂ ಬಾಟಲಿಯಿಂದ ಬಂದರೂ ಬೇರು ಎಳೆದುಕೊಳ್ಳುವ ನೈಟ್ರೇಟ್ (ಸಾರಜನಕದ ಲವಣ) ಒಂದೇ. ಸಾವಯವ ಅಂತ ಮಾತ್ರ ಹೇಳಬೇಡಿ, ಅದು ಬೇರೆ. ಆದರೆ ಬೆಳಕು ಸಾಲದಿದ್ದರೆ ಪಾಲಕ್ ಎಲೆಯಲ್ಲಿ ನೈಟ್ರೇಟ್ ಜಾಸ್ತಿ ಉಳಿಯುತ್ತದೆ, ಅದು ಅಷ್ಟು ಒಳ್ಳೆಯದಲ್ಲ. ಬೆಳಗಿನ ನಾಲ್ಕೈದು ಗಂಟೆ ಬಿಸಿಲಾದರೂ ಸಿಗಲಿ.

ಪ್ರಶ್ನೆ: ಹೈಡ್ರೋಪೋನಿಕ್ಸ್ ಘಟಕಕ್ಕೆ ಸಾಲ ಮಾಡಿ ದುಡ್ಡು ಹಾಕಬೇಕೆಂದಿದ್ದೇನೆ. ಬೆಳೆದ ಲೆಟ್ಯೂಸ್ (ಸಲಾಡ್ ಸೊಪ್ಪು) ನಾವೇ ಕೊಳ್ಳುತ್ತೇವೆ ಅಂತ ಘಟಕ ಹಾಕಿಕೊಡುವವರು ಅನ್ನುತ್ತಾರೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಈಗಲೇ ಸಾಲ ಮಾಡಬೇಡಿ. ಒಂದು ಬೇಸಿಗೆ ನಾಲ್ಕು ಬಕೆಟ್‌ನಲ್ಲಿ ಬೆಳೆದು ನೋಡಿ. ನಿಮ್ಮ ಊರಿನ ಹೋಟೆಲುಗಳಿಗೆ ನೀವೇ ಹೋಗಿ, ವಾರಕ್ಕೆ ಎಷ್ಟು ಲೆಟ್ಯೂಸ್ ಬೇಕು ಅಂತ ಕೇಳಿ ಬರೆದುಕೊಳ್ಳಿ. ಆಮೇಲೆ ಯೋಚನೆ ಮಾಡಿ.

ಪ್ರಶ್ನೆ: ನೀರು ನಿಂತರೆ ಸೊಳ್ಳೆ ಬರುವುದಿಲ್ಲವಾ? ಉಳಿದ ನೀರನ್ನು ಏನು ಮಾಡಲಿ?
— ಓದುಗರೊಬ್ಬರು, ಮಂಡ್ಯ

ಉತ್ತರ: ಮುಚ್ಚಳ ಸಡಿಲವಾಗಿದ್ದರೆ ಬಂದೇ ಬರುತ್ತದೆ. ಡೆಂಗಿ ಹರಡುವ ಸೊಳ್ಳೆಗೆ ಇಂಥ ನೀರೇ ಬೇಕು. ಮುಚ್ಚಳ ಬಿಗಿಯಾಗಿರಲಿ, ಪಾಟ್ ಸುತ್ತ ಸಂದು ಇದ್ದರೆ ಹಳೆಯ ಸೊಳ್ಳೆಪರದೆಯ ತುಂಡು ತುರುಕಿ, ಖಾಲಿ ತೂತಿಗೆ ಟೇಪ್ ಅಂಟಿಸಿ. ಉಳಿದ ನೀರನ್ನು ಚರಂಡಿಗೆ ಸುರಿಯಬೇಡಿ. ಅಷ್ಟೇ ಸಾದಾ ನೀರು ಬೆರೆಸಿ ಹೂಗಿಡಕ್ಕೆ ಹಾಕಿ. ನಮ್ಮನೆಯಲ್ಲಿ ಅದು ಕನಕಾಂಬರದ ಪಾಲು.